ಕ್ಲಾಸ್ ಗ್ರೂಪು ಓದಿಗೆ ಬರಬೇಕು ಅಂದ್ರೆ: ಉತ್ತರ ಕನ್ನಡದ ಡಿಗ್ರಿ ಮಕ್ಕಳಿಗೆ

"ಅಕ್ಕಾ, ನೋಟ್ಸ್ ಇದ್ರೆ ಕಳ್ಸಿ."

ಪರೀಕ್ಷೆ ಹತ್ತಿರ ಬಂತು ಅಂದ್ರೆ ನನಗೆ ಬರುವ ಮೆಸೇಜು ಹೆಚ್ಚಾಗಿ ಇಷ್ಟೇ. ಯಾವ ಸಬ್ಜೆಕ್ಟು, ಎಷ್ಟನೇ ಸೆಮ್, ಯಾವ ಯುನಿಟ್ಟು, ಏನೂ ಇರುವುದಿಲ್ಲ. ಇದ್ದದ್ದನ್ನು ಕಳಿಸುತ್ತೇನೆ. ಅದು ಇನ್ನೊಂದು ಗ್ರೂಪಿಗೆ ಹೋಗುತ್ತದೆ, ಅಲ್ಲಿಂದ ಮತ್ತೊಂದಕ್ಕೆ. ಎಷ್ಟು ಜನ ತೆರೆದು ಓದಿದರು ಎಂದು ಕೇಳಿದರೆ ಉತ್ತರ ಇಲ್ಲ.

ನಾನು ಸಿದ್ದಾಪುರದ ಕಡೆಯವಳು. ಶಿರಸಿಯಲ್ಲಿ ಡಿಗ್ರಿ, ಕಾರವಾರದಲ್ಲಿ ಎಂ.ಎಸ್ಸಿ. ಘಟ್ಟದ ಮೇಲಿನ ಕಾಲೇಜನ್ನೂ ನೋಡಿದ್ದೇನೆ, ಕೆಳಗಿನದನ್ನೂ ನೋಡಿದ್ದೇನೆ. ನಮ್ಮ ಜಿಲ್ಲೆಯ ಹೆಚ್ಚಿನ ಡಿಗ್ರಿ ಕಾಲೇಜುಗಳು ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ದೊಡ್ಡ ಲೈಬ್ರರಿ ಇರುವುದು ಧಾರವಾಡದಲ್ಲಿ. ಸಂಜೆ ಐದಕ್ಕೆ ಕೊನೆಯ ಬಸ್ಸು ಹಿಡಿದು ಊರಿಗೆ ಹೋಗುವ ಹುಡುಗಿಗೆ ಕಾಲೇಜಿನ ಲೈಬ್ರರಿಯೂ ಅರ್ಧ ಗಂಟೆಗಿಂತ ಜಾಸ್ತಿ ಸಿಗುವುದಿಲ್ಲ. ಹಾಗಾಗಿ ವಾಟ್ಸಾಪು, ಟೆಲಿಗ್ರಾಂ, ಯೂಟ್ಯೂಬು ನಮಗೆ ನಿಜಕ್ಕೂ ಬೇಕು. ಆದರೆ ನನ್ನ ಅನುಭವದಲ್ಲಿ ಇವುಗಳಿಂದ ಮಾರ್ಕ್ಸೂ ಬರುವುದು, ವಿಷಯವೂ ತಲೆಗೆ ಹೋಗುವುದು ಒಂದೇ ಕಾರಣಕ್ಕೆ: ಪ್ರಶ್ನೆ ಕೇಳಿದಾಗ. ಪಿಡಿಎಫ್ ಕೂಡಿಟ್ಟಾಗ ಅಲ್ಲ. ಕೆಳಗೆ ಬರೆದಿರುವುದೆಲ್ಲ ಆ ಪ್ರಶ್ನೆ ಕೇಳುವುದನ್ನು ಸುಲಭ ಮಾಡಿಕೊಳ್ಳುವ ದಾರಿ.

ಮೊದಲು ಗ್ರೂಪನ್ನು ಎರಡು ಮಾಡಿ

ಒಂದು ಗ್ರೂಪಿನಲ್ಲಿ ಎಪ್ಪತ್ತು ಜನ ಇದ್ದು, ಅದರಲ್ಲೇ ಫೀ ಕಟ್ಟುವ ಕೊನೆಯ ದಿನ, ಹುಟ್ಟುಹಬ್ಬದ ಶುಭಾಶಯ, ಗುಡ್ ಮಾರ್ನಿಂಗ್ ಹೂವು, ಐಎ (ಇಂಟರ್ನಲ್ ಪರೀಕ್ಷೆ) ಸಿಲಬಸ್ಸು ಎಲ್ಲವೂ ಬಂದರೆ ಮುಖ್ಯವಾದದ್ದು ಮೇಲೆ ಓಡಿಹೋಗುತ್ತದೆ. ಆಮೇಲೆ ಎಲ್ಲರೂ ಮ್ಯೂಟ್ ಮಾಡುತ್ತಾರೆ. ಮ್ಯೂಟ್ ಆದ ಗ್ರೂಪಿನಲ್ಲಿ ಪ್ರಶ್ನೆ ಕೇಳಿದರೆ ಬಾವಿಗೆ ಕಲ್ಲು ಹಾಕಿದ ಹಾಗೆ.

ಅದಕ್ಕೆ ದೊಡ್ಡ ಗ್ರೂಪನ್ನು ಬರೀ ಸೂಚನೆಗೆ ಇಡಿ. ಸೆಟ್ಟಿಂಗ್ಸ್‌ಗೆ ಹೋಗಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವ ಹಾಗೆ ಮಾಡಿ. ಸಿ.ಆರ್ (ಕ್ಲಾಸ್ ರೆಪ್ರೆಸೆಂಟೇಟಿವ್) ಇಬ್ಬರು ಮತ್ತು ಒಪ್ಪಿದರೆ ಒಬ್ಬ ಮೇಡಂ ಅಥವಾ ಸರ್ ಅಡ್ಮಿನ್ ಆಗಿದ್ದರೆ ಸಾಕು. ಈ ವಾರದ ಮುಖ್ಯ ಮೆಸೇಜನ್ನು ಪಿನ್ ಮಾಡಿ. ವಾಟ್ಸಾಪಿನಲ್ಲಿ ಪಿನ್ ಮಾಡಿದ್ದು 24 ಗಂಟೆ, 7 ದಿನ ಅಥವಾ 30 ದಿನ ಮೇಲೆ ಇರುತ್ತದೆ, ನೀವೇ ಆರಿಸಬಹುದು.

ಓದುವುದಕ್ಕೆ ಇನ್ನೊಂದು ಗ್ರೂಪು ಬೇಕು. ಐದಾರು ಜನ ಸಾಕು. ಇದು ನಾನು ಖಂಡಿತವಾಗಿ ಹೇಳುವ ಮಾತು: ಹತ್ತು ದಾಟಿತು ಅಂದ್ರೆ ಬೇರೆ ಯಾರೋ ಉತ್ತರ ಹೇಳುತ್ತಾರೆ ಎಂದು ಎಲ್ಲರೂ ಸುಮ್ನೆ ಇದ್ದುಬಿಡುತ್ತಾರೆ. ಐದು ಜನ ಇದ್ದರೆ ನಿಮ್ಮ ಗೆಳತಿ ಕೇಳಿದ್ದು ನಿಮ್ಮ ಹತ್ತಿರವೇ ಅಂತ ನಿಮಗೆ ಗೊತ್ತಿರುತ್ತದೆ. ಎಲ್ಲರೂ ರ‍್ಯಾಂಕ್ ಬರುವವರೇ ಆಗಬೇಕಿಲ್ಲ. ದಿನಕ್ಕೊಮ್ಮೆಯಾದರೂ ತೆರೆದು ನೋಡುವವರು ಬೇಕು, ಗೊತ್ತಿಲ್ಲ ಎನ್ನುವುದಕ್ಕೆ ನಾಚಿಕೆ ಪಡದವರು ಬೇಕು.

ಪ್ರಶ್ನೆ ಕೇಳುವುದು ಹೀಗೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಬಿ.ಕಾಂ ಓದುವ ಒಬ್ಬ ಹುಡುಗ ಗ್ರೂಪಿನಲ್ಲಿ ಬರೆದ: "ಡಿಪ್ರಿಸಿಯೇಶನ್ ಅರ್ಥ ಆಗ್ಲಿಲ್ಲ, ಯಾರಾದ್ರೂ ಹೇಳಿ." ಡಿಪ್ರಿಸಿಯೇಶನ್ ಅಂದ್ರೆ ಮಷಿನ್ನಿನಂಥ ವಸ್ತುವಿನ ಬೆಲೆ ವರ್ಷ ವರ್ಷ ಇಳಿಯುವ ಲೆಕ್ಕ. ಎರಡು ದಿನ ಯಾರೂ ಮಾತಾಡಲಿಲ್ಲ. ಅವನಿಗೆ ಬೇಜಾರಾಯಿತು. ಆದರೆ ಓದಿದವರ ಕಡೆಯಿಂದ ಯೋಚಿಸಿ ನೋಡಿ. ಇಡೀ ಪಾಠವನ್ನು ಫೋನಿನಲ್ಲಿ ಟೈಪ್ ಮಾಡಿ ಹೇಳುವುದಕ್ಕೆ ಯಾರಿಗೆ ಆಗುತ್ತದೆ? ಎಲ್ಲಿಂದ ಶುರು ಮಾಡಬೇಕು?

ಮತ್ತೆ ಬರೆಯಲು ಹೇಳಿದೆ. ಈ ಸಲ ಹೀಗೆ ಬರೆದ: "ಮಷಿನ್ ಬೆಲೆ 1,00,000. ಡಿಪ್ರಿಸಿಯೇಶನ್ ವರ್ಷಕ್ಕೆ 10 ಪರ್ಸೆಂಟ್. ಎರಡನೇ ವರ್ಷಕ್ಕೆ ನಾನು 10,000 ಹಾಕಿದೆ. ಪುಸ್ತಕದ ಉತ್ತರದಲ್ಲಿ 9,000 ಇದೆ. ನನ್ನದು ಎಲ್ಲಿ ತಪ್ಪಿತು?" ಜೊತೆಗೆ ತಾನು ಮಾಡಿದ ಲೆಕ್ಕದ ಫೋಟೋ.

ಹತ್ತು ನಿಮಿಷದಲ್ಲಿ ಉತ್ತರ ಬಂತು. ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಹುಡುಗಿ ಬರೆದದ್ದು: "ನೀನು ಸ್ಟ್ರೇಟ್ ಲೈನ್ ಥರ ಮೂಲ ಬೆಲೆ ಮೇಲೆ ಹಾಕಿದೀಯ. ಲೆಕ್ಕದಲ್ಲಿ ರಿಟನ್ ಡೌನ್ ಅಂತ ಕೊಟ್ಟಿದ್ದಾರೆ, ಮೊದಲ ಸಾಲು ನೋಡು. ಮೊದಲ ವರ್ಷ 10,000 ಹೋಯ್ತು, ಉಳಿದದ್ದು 90,000. ಎರಡನೇ ವರ್ಷ ಅದರ ಮೇಲೆ 10 ಪರ್ಸೆಂಟ್. ಮೂರನೇ ವರ್ಷ ಎಷ್ಟು ಬರ್ತದೆ ನೀನೇ ಹೇಳು." ಅವನು 8,100 ಎಂದು ಬರೆದ. ಅಲ್ಲಿಗೆ ಇಬ್ಬರಿಗೂ ಆ ಲೆಕ್ಕ ಬಂದ ಹಾಗಾಯಿತು. ಹೇಳಿಕೊಟ್ಟವಳಿಗೆ ಜಾಸ್ತಿಯೇ ಬಂತು ಎನ್ನಬೇಕು.

ಎರಡು ಮೆಸೇಜಿಗೂ ಏನು ವ್ಯತ್ಯಾಸ ನೋಡಿ. ಎರಡನೆಯದರಲ್ಲಿ ಅವನು ಎಲ್ಲಿಯವರೆಗೆ ಬಂದಿದ್ದಾನೆ ಎಂಬುದು ಕಾಣುತ್ತದೆ, ಎಲ್ಲಿ ಸಿಕ್ಕಿಬಿದ್ದಿದ್ದಾನೆ ಎಂಬುದೂ ಕಾಣುತ್ತದೆ. ಕೇಳುವ ಮುಂಚೆ ಒಂದು ಸಲ ನೀವೇ ಮಾಡಿ ನೋಡಿ, ತಪ್ಪಾದರೂ ಪರವಾಗಿಲ್ಲ, ಆ ತಪ್ಪನ್ನೇ ಹಾಕಿ. ಇತಿಹಾಸ, ಕನ್ನಡ, ಪೊಲಿಟಿಕಲ್ ಸೈನ್ಸ್ ಓದುವವರಿಗೂ ಇದೇ ಮಾತು. "ಈ ಪ್ಯಾರಾದಲ್ಲಿ ಮೂರನೇ ವಾಕ್ಯ ನನಗೆ ಹೀಗೆ ಅರ್ಥವಾಯಿತು, ಸರಿಯಾ?" ಎಂದು ಕೇಳಿದರೆ ಉತ್ತರ ಬಂದೇ ಬರುತ್ತದೆ.

ಫೋಟೋ ಹಾಕುವಾಗ ಕಿಟಕಿ ಹತ್ತಿರ ಹಿಡಿದು ತೆಗೆಯಿರಿ, ನಿಮ್ಮ ಕೈಯ ನೆರಳು ಬೀಳದ ಹಾಗೆ. ಬರೀ ಫೋಟೋ ಹಾಕಬೇಡಿ. ಅದರ ಕೆಳಗೆ ಒಂದು ಸಾಲು ಟೈಪ್ ಮಾಡಿ, ಪಾಠದ ಹೆಸರು ಅದರಲ್ಲಿ ಇರಲಿ. ಯಾಕೆಂದರೆ ಮೂರು ತಿಂಗಳು ಬಿಟ್ಟು ಪರೀಕ್ಷೆಯ ಹಿಂದಿನ ರಾತ್ರಿ ಯಾರೋ ಗ್ರೂಪಿನಲ್ಲಿ "ಡಿಪ್ರಿಸಿಯೇಶನ್" ಎಂದು ಹುಡುಕಿದರೆ ಟೈಪ್ ಮಾಡಿದ ಪದ ಸಿಗುತ್ತದೆ, ಫೋಟೋದೊಳಗಿನ ಬರಹ ಸಿಗುವುದಿಲ್ಲ. ವಾಯ್ಸ್ ಮೆಸೇಜಿಗೂ ಇದೇ ಕಷ್ಟ. ಮಾತಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ ನಿಜ, ಹೇಳಿದ ಮೇಲೆ ಸಾರಾಂಶವನ್ನು ಒಂದು ಸಾಲಲ್ಲಿ ಬರೆದುಬಿಡಿ. ಉತ್ತರ ಸಿಕ್ಕ ಮೇಲೆ "ಸಿಕ್ತು, ಹೀಗೆ ಮಾಡಿದೆ" ಎಂದು ಹಾಕುವುದನ್ನು ಮರೆಯಬೇಡಿ. ಸಹಾಯ ಮಾಡಿದವರಿಗೆ ಅದು ಖುಷಿ, ಮುಂದೆ ಹುಡುಕುವವರಿಗೆ ಅದೇ ನೋಟ್ಸು.

ಕನ್ನಡದಲ್ಲಿ ಕೇಳಿ. ಇಂಗ್ಲಿಷ್ ಮೀಡಿಯಂ ಆದರೂ ಸರಿ, ಶಬ್ದ ಇಂಗ್ಲಿಷಿನದೇ ಇರಲಿ, ಪ್ರಶ್ನೆ ಮಾತ್ರ ನಿಮಗೆ ಬರುವ ಭಾಷೆಯಲ್ಲಿ ಇರಲಿ. ಪಿಯುವರೆಗೆ ಕನ್ನಡದಲ್ಲಿ ಓದಿ ಬಂದ ಎಷ್ಟೋ ಮಕ್ಕಳು ಇಂಗ್ಲಿಷ್ ತಪ್ಪಾದರೆ ಎಂದು ಹೆದರಿ ಮೂರು ವರ್ಷವೂ ಒಂದು ಪ್ರಶ್ನೆ ಕೇಳದೆ ಹೋಗುವುದನ್ನು ಕಂಡಿದ್ದೇನೆ. ಅದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಫೈಲು ಇಡುವುದಕ್ಕೆ ಟೆಲಿಗ್ರಾಂ

ವಾಟ್ಸಾಪಿನ ಫೈಲು ಇರುವುದು ನಿಮ್ಮ ಫೋನಿನಲ್ಲಿ. ಫೋನ್ ಬದಲಾಯಿಸಿದರೆ, ಮೆಮೊರಿ ತುಂಬಿತು ಎಂದು ಅಳಿಸಿದರೆ ಹೋಯಿತು. ತಡವಾಗಿ ತೆರೆದರೆ ಮತ್ತೆ ಕಳಿಸಲು ಹೇಳಿ ಅನ್ನುತ್ತದೆ. ಟೆಲಿಗ್ರಾಂನಲ್ಲಿ ಫೈಲು ಅವರ ಸರ್ವರಿನಲ್ಲೇ ಉಳಿಯುತ್ತದೆ, ಬೇಕಾದಾಗ ಇಳಿಸಿಕೊಳ್ಳಬಹುದು. ಹೊಸದಾಗಿ ಸೇರಿದವರಿಗೆ ಹಳೆಯದೂ ಕಾಣಬೇಕಾದರೆ ಗ್ರೂಪಿನ ಸೆಟ್ಟಿಂಗ್ಸ್‌ನಲ್ಲಿ ಹಳೆಯ ಚಾಟ್ ಹಿಸ್ಟರಿ ಕಾಣುವ ಹಾಗೆ ಮಾಡಬೇಕು. ಟಾಪಿಕ್ಸ್ ಎಂಬುದನ್ನು ಆನ್ ಮಾಡಿದರೆ ಒಂದೊಂದು ಸಬ್ಜೆಕ್ಟಿಗೆ ಒಂದೊಂದು ವಿಭಾಗ ಆಗುತ್ತದೆ.

ಫೈಲಿಗೆ ಹೆಸರಿಡಿ. ಡಾಕ್ ಎಂದು ಶುರುವಾಗಿ ಉದ್ದನೆಯ ನಂಬರ್ ಇರುವ ಫೈಲನ್ನು ಯಾರೂ ಎರಡನೇ ಸಲ ಹುಡುಕಲಾರರು. "ಸೆಮ್ 3, ಬಾಟನಿ, ಯುನಿಟ್ 2, ಕ್ಲಾಸ್ ನೋಟ್ಸ್" ಎಂದಿದ್ದರೆ ಸಾಕು. ಪ್ರಿಂಟಾದ ಪುಸ್ತಕವನ್ನು ಇಡಿಯಾಗಿ ಸ್ಕ್ಯಾನ್ ಮಾಡಿ ಹಂಚಬೇಡಿ, ಅದು ಕಾನೂನಿಗೂ ಸರಿಯಲ್ಲ, ಬರೆದವರಿಗೂ ಅನ್ಯಾಯ. ನೀವು ಕೈಯಲ್ಲಿ ಬರೆದ ನೋಟ್ಸು, ಹಳೆಯ ಪ್ರಶ್ನೆಪತ್ರಿಕೆ ಇವು ನಿಜವಾಗಿ ಉಪಯೋಗಕ್ಕೆ ಬರುವಂಥವು.

ಮಳೆಗಾಲದ ಮಾತು

ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮ ಕಡೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಎನ್ನುವ ದಿನ ಎಷ್ಟಿರುತ್ತವೆ ಎಂದು ನಿಮಗೆ ಹೇಳಬೇಕಿಲ್ಲ. ಸಿಗ್ನಲ್ ಸಿಗುವ ಗುಡ್ಡದ ತುದಿಗೋ ಗದ್ದೆಯ ಬದುವಿಗೋ ಕೊಡೆ ಹಿಡಿದು ಹೋಗಿ ಬರುವ ಮಕ್ಕಳಿದ್ದಾರೆ. ಅವರಿಗೆ ಆ ಹತ್ತು ನಿಮಿಷ ಬೆಲೆಯುಳ್ಳದ್ದು. ಅದಕ್ಕೇ ವಾಟ್ಸಾಪಿನ ಆಟೋ ಡೌನ್‌ಲೋಡ್ ಆಫ್ ಮಾಡಿಡಿ, ಇಲ್ಲವಾದರೆ ಸಿಕ್ಕ ಸಿಗ್ನಲ್ಲೆಲ್ಲ ಯಾರದೋ ಮದುವೆ ವಿಡಿಯೋಕ್ಕೆ ಹೋಗುತ್ತದೆ. ಪ್ರಶ್ನೆಯನ್ನು ಮನೆಯಲ್ಲೇ ಬರೆದು ಸೆಂಡ್ ಒತ್ತಿ ಇಡಿ, ಸಿಗ್ನಲ್ ಬಂದ ಕೂಡಲೇ ತಾನಾಗಿ ಹೋಗುತ್ತದೆ. ವಿಡಿಯೋ ಪಾಠವನ್ನು ಕಾಲೇಜಿನ ವೈಫೈಯಲ್ಲಿ ಇಳಿಸಿಕೊಂಡು ಬನ್ನಿ.

ಯಾವ ವಿಡಿಯೋ ಎಂದರೆ, ಮೊದಲು ಎನ್‌ಪಿಟಿಇಎಲ್ ನೋಡಿ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವುದು ಅದು. ಕೇಂದ್ರ ಸರ್ಕಾರದ "ಸ್ವಯಂ" ಎಂಬ ಆನ್‌ಲೈನ್ ಕೋರ್ಸುಗಳ ವೆಬ್‌ಸೈಟು 2017ರಲ್ಲಿ ಶುರುವಾಯಿತು, ಅದರಲ್ಲಿ ಕಲೆ, ವಾಣಿಜ್ಯದ ಕೋರ್ಸುಗಳೂ ಇವೆ. ನೋಡುವುದು, ಕಲಿಯುವುದು ಉಚಿತ. ಸರ್ಟಿಫಿಕೇಟು ಬೇಕಾದರೆ ಮಾತ್ರ ಪರೀಕ್ಷೆಗೆ ಫೀ. ಎರಡರಲ್ಲೂ ಕೋರ್ಸ್ ನಡೆಯುವಾಗ ಕಲಿಸುವವರ ತಂಡಕ್ಕೆ ಪ್ರಶ್ನೆ ಕೇಳುವ ಜಾಗ ಇರುತ್ತದೆ, ನಮ್ಮ ಮಕ್ಕಳು ಅದನ್ನು ಮುಟ್ಟುವುದೇ ಇಲ್ಲ. ಮೇಲೆ ಹೇಳಿದ ಹಾಗೆ ಬರೆದು ಕೇಳಿ ನೋಡಿ.

ಬಂದದ್ದನ್ನೆಲ್ಲ ನಂಬಬೇಡಿ

ಇದು ನನ್ನದೇ ಕಥೆ. ಡಿಗ್ರಿ ಎರಡನೇ ವರ್ಷ, ಜುಲೈ ತಿಂಗಳು, ರಾತ್ರಿಯಿಡೀ ಮಳೆ. ಬೆಳಿಗ್ಗೆ ಆರಕ್ಕೆ ಗ್ರೂಪಿನಲ್ಲಿ ರಜೆಯ ಆದೇಶದ ಫೋಟೋ ಬಂತು. ನಾನು ಹೊದ್ದು ಮಲಗಿದೆ. ಹನ್ನೊಂದು ಗಂಟೆಗೆ ಗೆಳತಿ ಫೋನ್ ಮಾಡಿದಳು: "ಎಲ್ಲಿದ್ದೀಯೇ, ಪ್ರಾಕ್ಟಿಕಲ್ ಟೆಸ್ಟ್ ನಡೀತಾ ಇದೆ." ಆದೇಶ ನಿಜವಾದದ್ದೇ. ಆದರೆ ಯಾರೋ ಅದನ್ನು ಅರ್ಧಕ್ಕೆ ಕತ್ತರಿಸಿ ಹಾಕಿದ್ದರು. ಪೂರ್ತಿ ಓದಿದರೆ ರಜೆ ಇದ್ದದ್ದು ಅಂಗನವಾಡಿ, ಶಾಲೆ ಮತ್ತು ಪಿಯು ಕಾಲೇಜಿಗೆ, ಅದೂ ಕೆಲವು ತಾಲೂಕಿಗೆ. ಡಿಗ್ರಿ ಕಾಲೇಜಿನ ಹೆಸರೇ ಅದರಲ್ಲಿ ಇರಲಿಲ್ಲ. ಆ ಟೆಸ್ಟಿನ ಮಾರ್ಕ್ಸು ನನಗೆ ಸಿಗಲೇ ಇಲ್ಲ.

ಅವತ್ತಿನಿಂದ ನಾನು ನಾಲ್ಕು ನೋಡುತ್ತೇನೆ: ಆದೇಶದ ತಾರೀಖು, ತಾಲೂಕಿನ ಹೆಸರು, ಯಾವ ತರಗತಿಯವರೆಗೆ, ಕೆಳಗೆ ಸಹಿ. ನಾಲ್ಕೂ ಕಾಣುವ ಪೂರ್ತಿ ಪುಟ ಇಲ್ಲದಿದ್ದರೆ ಅದು ಸುದ್ದಿಯೇ ಅಲ್ಲ. ಪರೀಕ್ಷೆ ಮುಂದೆ ಹೋಯಿತು ಎಂದರೆ ವಿಶ್ವವಿದ್ಯಾಲಯದ ವೆಬ್‌ಸೈಟು ನೋಡಿ, ಫಲಿತಾಂಶ ಎಂದರೆ ರಾಜ್ಯದ ವಿಶ್ವವಿದ್ಯಾಲಯಗಳ ಪೋರ್ಟಲ್ ಯುಯುಸಿಎಂಎಸ್‌ನಲ್ಲಿ ನಿಮ್ಮ ಲಾಗಿನ್ ನೋಡಿ, ಎರಡೂ ತೆರೆಯದಿದ್ದರೆ ಸಿ.ಆರ್ ಕಾಲೇಜಿನ ಆಫೀಸಿಗೆ ಒಂದು ಫೋನ್ ಮಾಡಲಿ. ಗ್ರೂಪಿಗೆ ಹಾಕುವವರೂ ಪೂರ್ತಿ ಪುಟವನ್ನೇ ಹಾಕಿ.

ಪ್ರಶ್ನೆಪತ್ರಿಕೆ ಮೊದಲೇ ಕೊಡುತ್ತೇವೆ, ಮಾರ್ಕ್ಸ್ ಹೆಚ್ಚು ಮಾಡಿಸುತ್ತೇವೆ ಎನ್ನುವ ಟೆಲಿಗ್ರಾಂ ಚಾನೆಲ್ಲುಗಳಿಂದ ದೂರ ಇರಿ. ಮೊದಲು ಸ್ವಲ್ಪ ಹಣ ಕೇಳುತ್ತಾರೆ, ಆಮೇಲೆ ಇನ್ನಷ್ಟು, ಆಮೇಲೆ ಕಾಣೆಯಾಗುತ್ತಾರೆ. ಸ್ಕಾಲರ್‌ಶಿಪ್ ಹೆಸರಲ್ಲಿ ಬರುವ ಲಿಂಕಿಗೆ ಆಧಾರ್ ನಂಬರು, ಓಟಿಪಿ ಕೊಡಬೇಡಿ. ಹಣ ಹೋಯಿತು ಅಂದ್ರೆ ಮನೆಯಲ್ಲಿ ಬೈಯುತ್ತಾರೆ ಎಂದು ಮುಚ್ಚಿಡಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಗೆ ಇರುವ ಸರ್ಕಾರದ ಸಹಾಯವಾಣಿ, ಎಷ್ಟು ಬೇಗ ಹೇಳುತ್ತೀರೋ ಹಣವನ್ನು ತಡೆಹಿಡಿಯುವುದಕ್ಕೆ ಅಷ್ಟು ಒಳ್ಳೆಯದು.

ಹುಡುಗಿಯರಿಗೆ ಇನ್ನೊಂದು ಮಾತು. ವಾಟ್ಸಾಪ್ ಗ್ರೂಪಿಗೆ ಸೇರಿದರೆ ನಿಮ್ಮ ನಂಬರು ಅಲ್ಲಿರುವ ಎಲ್ಲರಿಗೂ ಕಾಣುತ್ತದೆ. ಬೇರೆ ಊರಿನ ದೊಡ್ಡ ಗ್ರೂಪಾದರೆ ಟೆಲಿಗ್ರಾಂನಲ್ಲೇ ಸೇರಿ. ಅದಕ್ಕೂ ಮೊದಲು ಪ್ರೈವಸಿಯಲ್ಲಿ ಫೋನ್ ನಂಬರ್ ಯಾರಿಗೂ ಕಾಣದ ಹಾಗೆ ಮಾಡಿ. ವಾಟ್ಸಾಪಿನ ಪ್ರೈವಸಿಯಲ್ಲಿ ಗ್ರೂಪ್ಸ್ ಎಂದಿದೆ, ಅಲ್ಲಿ ಮೈ ಕಾಂಟ್ಯಾಕ್ಟ್ಸ್ ಎಂದು ಇಟ್ಟರೆ ಗೊತ್ತಿಲ್ಲದವರು ನಿಮ್ಮನ್ನು ಎಲ್ಲೆಲ್ಲೋ ಸೇರಿಸಲು ಆಗುವುದಿಲ್ಲ. ನೋಟ್ಸ್ ಕೇಳುವ ನೆಪದಲ್ಲಿ ರಾತ್ರಿ ಮೆಸೇಜು ಮಾಡುವವರಿಗೆ ಉತ್ತರ ಕೊಡಬೇಕಾದ ಸಾಲ ನಿಮಗಿಲ್ಲ. ಬ್ಲಾಕ್ ಮಾಡಿ.

ಕಾಲೇಜಿನ ಆಚೆಗೆ

ವಿಜ್ಞಾನ ಓದುವವರೇ, ನೀವು ಎಲ್ಲಿದ್ದೀರಿ ಎಂಬುದನ್ನು ಒಂದು ಸಲ ನೆನಪಿಸಿಕೊಳ್ಳಿ. ಒಂದು ಕಡೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಸಮುದ್ರ ಸೇರುವ ಜಾಗ, ಇನ್ನೊಂದು ಕಡೆ ಪಶ್ಚಿಮ ಘಟ್ಟದ ಕಾಡು. ಕಾರವಾರದ ಕೋಡಿಬಾಗದಲ್ಲಿ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ, ಶಿರಸಿಯಲ್ಲಿ ಅರಣ್ಯ ಕಾಲೇಜಿದೆ. ಬೇರೆ ಊರಿನವರು ಹಣ ಖರ್ಚು ಮಾಡಿ ನೋಡಲು ಬರುವುದು ನಿಮ್ಮ ಮನೆ ಹಿಂದೆ ಇದೆ. ಹಾಗಾಗಿ ಐನ್ಯಾಚುರಲಿಸ್ಟ್ ಎಂಬ ಆ್ಯಪನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಇದೂ ಸೋಶಿಯಲ್ ನೆಟ್‌ವರ್ಕೇ. ಇಲ್ಲಿ ಜನ ಹಾಕುವುದು ಗಿಡ, ಹಕ್ಕಿ, ಕಪ್ಪೆ, ಮೀನಿನ ಫೋಟೋ.

ಒಂದು ಬೆಳಿಗ್ಗೆ ಕಾರವಾರದ ಟಾಗೋರ್ ಬೀಚಿನಲ್ಲಿ ಮರಳಿನ ಮೇಲೆ ಏನೋ ನೀಲಿ ಕಂಡಿತು. ರೂಪಾಯಿ ನಾಣ್ಯದಷ್ಟು ಅಗಲದ ಬಿಲ್ಲೆ, ಸುತ್ತ ದಾರದ ಕುಚ್ಚಿನಂತೆ ನೀಲಿ ಎಳೆಗಳು. ಜೊತೆಗಿದ್ದವಳು ಜೆಲ್ಲಿಮೀನಿನ ಮರಿ ಎಂದಳು. ಕೈಯಿಂದ ಮುಟ್ಟದೆ, ಪಕ್ಕದಲ್ಲಿ ಅಳತೆಗೆ ಪೆನ್ನಿನ ಮುಚ್ಚಳ ಇಟ್ಟು, ಮೇಲಿಂದ ಒಂದು, ಬದಿಯಿಂದ ಒಂದು ಫೋಟೋ ತೆಗೆದು ಹಾಕಿದೆವು. ಸಂಜೆಯೊಳಗೆ ಯಾರೋ ಗುರುತಿಸಿದ್ದರು: ಪಾರ್ಪಿಟಾ ಪಾರ್ಪಿಟಾ. ಜೆಲ್ಲಿಮೀನೂ ಅಲ್ಲ, ಒಂದೇ ಪ್ರಾಣಿಯೂ ಅಲ್ಲ, ಹೈಡ್ರೋಜೋವಾ ಗುಂಪಿನ ಚಿಕ್ಕ ಚಿಕ್ಕ ಜೀವಿಗಳು ಒಂದು ತೇಲುವ ಬಿಲ್ಲೆಯ ಕೆಳಗೆ ಸೇರಿ ಬದುಕುವ ಕಾಲೊನಿ. ಕಾಲೊನಿಯಲ್ಲಿ ಬದುಕುವ ಜೀವಿಗಳ ಬಗ್ಗೆ ಪುಸ್ತಕದಲ್ಲಿ ಎರಡು ಸಲ ಓದಿದ್ದೆ. ಅವತ್ತಿನ ಮೇಲೆ ಮರೆತಿಲ್ಲ.

ಅಲ್ಲಿ ಫೋಟೋ, ತಾರೀಖು, ಜಾಗ ಮೂರೂ ಇರಬೇಕು, ಮತ್ತು ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಜನ ಒಂದೇ ಜಾತಿ ಎಂದು ಒಪ್ಪಬೇಕು, ಆಗ ಅದು ರಿಸರ್ಚ್ ಗ್ರೇಡ್ ಆಗುತ್ತದೆ, ಸಂಶೋಧಕರು ಬಳಸುತ್ತಾರೆ. ಕಾಡಿನ ಅಪರೂಪದ ಪ್ರಾಣಿ ಅಥವಾ ಗಿಡವಾದರೆ ಜಾಗವನ್ನು ಮರೆಮಾಡುವ ಆಯ್ಕೆಯನ್ನು ಖಂಡಿತ ಬಳಸಿ, ಕಳ್ಳರೂ ಮ್ಯಾಪ್ ನೋಡುತ್ತಾರೆ. ನಿಮ್ಮ ಮನೆಯ ತೋಟದಲ್ಲಿ ತೆಗೆದ ಫೋಟೋ ಆದರೂ ಹಾಗೇ ಮಾಡಿ, ಮನೆ ವಿಳಾಸ ಊರಿಗೆಲ್ಲ ಗೊತ್ತಾಗುವುದು ಬೇಡ ಅಲ್ವಾ. ಹಕ್ಕಿ ನೋಡುವವರಿಗೆ ಇಬರ್ಡ್ ಇದೆ.

ಪ್ರಾಜೆಕ್ಟಿಗೆ ಲೇಖನ ಬೇಕಾದಾಗ ಮೊದಲು ಗೂಗಲ್ ಸ್ಕಾಲರಿನಲ್ಲಿ ಹುಡುಕಿ, ಬಲಗಡೆ ಪಿಡಿಎಫ್ ಲಿಂಕ್ ಕಂಡರೆ ಅಲ್ಲೇ ಸಿಕ್ಕಿತು. ನಮ್ಮ ದೇಶದ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾದಲ್ಲಿ ಉಚಿತವಾಗಿವೆ, ಕನ್ನಡದವೂ ಇವೆ. ಎಲ್ಲೂ ಸಿಗದಿದ್ದರೆ ಬರೆದವರನ್ನೇ ಕೇಳಬಹುದು. ಸಂಶೋಧಕರ ನೆಟ್‌ವರ್ಕ್ ಆದ ರಿಸರ್ಚ್‌ಗೇಟ್‌ನಲ್ಲಿ ಅದಕ್ಕೆಂದೇ ಬಟನ್ ಇದೆ. ಆದರೆ ಬಟನ್ನಿಗಿಂತ ನಾಲ್ಕು ಸಾಲು ಬರೆದರೆ ಒಳ್ಳೆಯದು: "ನಮಸ್ಕಾರ ಸರ್. ನಾನು ಹೊನ್ನಾವರದಲ್ಲಿ ಬಿ.ಎಸ್ಸಿ ಕೊನೆಯ ವರ್ಷ ಓದುತ್ತಿದ್ದೇನೆ. ಶರಾವತಿ ಅಳಿವೆಯ ಚಿಪ್ಪುಜೀವಿಗಳ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಮಾದರಿ ತೆಗೆಯುವ ವಿಧಾನ ತಿಳಿಯಲು ನಿಮ್ಮ ಲೇಖನ ಬೇಕಿತ್ತು. ದಯವಿಟ್ಟು ಕಳಿಸಬಹುದೇ?" ಬರೀ "ಹಾಯ್ ಸರ್" ಎಂದು ಕಳಿಸಿ ಕಾಯಬೇಡಿ. ಒಂದು ವಾರ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ಸಿಕ್ಕಿದ್ದನ್ನು ಓದಿ ನಿಮ್ಮ ಮಾತಲ್ಲಿ ಬರೆಯಿರಿ, ಯಾರದ್ದು ಎಂದು ಹೆಸರು ಹಾಕಿ. ಯುಜಿಸಿಯ 2018ರ ನಿಯಮದ ಪ್ರಕಾರ ಪ್ರಬಂಧದಲ್ಲಿ ಬೇರೆಯವರ ಬರಹದ ಜೊತೆ ಶೇ. 10ಕ್ಕಿಂತ ಹೆಚ್ಚು ಹೋಲಿಕೆ ಕಂಡರೆ ಕ್ರಮ ತೆಗೆದುಕೊಳ್ಳಬಹುದು, ಎಂ.ಎಗೋ ಎಂ.ಎಸ್ಸಿಗೋ ಹೋಗುವವರು ಈಗಲೇ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ರೀಲ್ಸಿನ ಬಗ್ಗೆ ಉಪದೇಶ ಮಾಡುವುದಿಲ್ಲ. ಓದಿನ ಗ್ರೂಪಿಗೆ ಮಾತ್ರ ಶಬ್ದ ಬರುವ ಹಾಗೆ ಇಟ್ಟು ಉಳಿದದ್ದನ್ನು ಮ್ಯೂಟ್ ಮಾಡಿ, ರಾತ್ರಿ ಎಂಟರಿಂದ ಒಂಬತ್ತು ಎಂದು ಐದೂ ಜನ ಹೊತ್ತು ಗೊತ್ತು ಮಾಡಿಕೊಳ್ಳಿ. ಆ ಗಂಟೆಯಲ್ಲಿ ದಿನಕ್ಕೊಬ್ಬರು ಒಂದು ಪ್ರಶ್ನೆ ಹಾಕಬೇಕು. ನಮ್ಮದು ಹೀಗೇ ಎರಡು ವರ್ಷ ನಡೆಯಿತು.

ಕೊನೆಯ ಸೆಮ್ ಮುಗಿಸಿ ಹೋಗುವಾಗ ಟೆಲಿಗ್ರಾಂ ಗ್ರೂಪನ್ನು ಹಾಗೇ ಬಿಟ್ಟು ಹೋಗಬೇಡಿ. ಇಬ್ಬರು ಜೂನಿಯರ್‌ಗಳನ್ನು ಅಡ್ಮಿನ್ ಮಾಡಿ, ಓನರ್‌ಶಿಪ್ಪನ್ನು ಅವರಲ್ಲಿ ಒಬ್ಬರಿಗೆ ವರ್ಗ ಮಾಡಿ. ಅದಕ್ಕೆ ನಿಮ್ಮ ಅಕೌಂಟಿನಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಒಂದು ವಾರ ಮೊದಲೇ ಆನ್ ಆಗಿರಬೇಕು, ಹಾಗಾಗಿ ಪರೀಕ್ಷೆ ಮುಗಿಯುವ ಮುಂಚೆಯೇ ಮಾಡಿಡಿ. ನಾನು ಬಿಟ್ಟುಬಂದ ಗ್ರೂಪಿನಲ್ಲಿ ಈಗ ಯಾರಿದ್ದಾರೋ ನನಗೆ ಮುಖ ಪರಿಚಯವೂ ಇಲ್ಲ. ಹೋದ ತಿಂಗಳು ಅಂಕೋಲಾದ ಒಬ್ಬ ಹುಡುಗಿ ನನ್ನ ಹಳೆಯ ಉತ್ತರವೊಂದನ್ನು ಹುಡುಕಿ ತೆಗೆದು ಕೆಳಗೆ ಬರೆದಿದ್ದಾಳೆ: "ಅಕ್ಕಾ, ನಾಲ್ಕನೇ ಸಾಲಲ್ಲಿ ಮೈನಸ್ ಬಿಟ್ಟುಹೋಗಿದೆ." ಹೌದು, ಬಿಟ್ಟುಹೋಗಿತ್ತು. ತಿದ್ದಿ ಮತ್ತೆ ಹಾಕಿದ್ದೇನೆ.